ಹೊರೆಯ ಹಂಚಿಕೆ, ಬಿಡುವಿನ ಲೆಕ್ಕ

ಜಾಲತಾಣವೊಂದರ ಮೇಲೆ ಬೀಳುವ ಹೊರೆಯನ್ನು ದಿನಕ್ಕೆ ಎಷ್ಟು ಮಂದಿ ಬಂದು ಹೋದರು ಎಂಬ ಸಂಖ್ಯೆಯಲ್ಲಿ ಹೇಳುವುದು ರೂಢಿ. ಆದರೆ ತಾಣವನ್ನು ನಡೆಸುವ ಎಂಜಿನಿಯರುಗಳಿಗೆ ಆ ಸಂಖ್ಯೆಯಿಂದ ತಿಳಿಯುವುದು ಬಹಳ ಕಡಿಮೆ. ಎಸ್ಸೆಸ್ಸೆಲ್ಸಿ ಫಲಿತಾಂಶ ನೀಡುವ ತಾಣವು ವರ್ಷದ ಬಹುಪಾಲು ದಿನ ಹೆಚ್ಚು ಕೆಲಸವಿಲ್ಲದೆ ಇದ್ದು, ಫಲಿತಾಂಶ ಪ್ರಕಟವಾದ ಮೊದಲ ಕೆಲವು ನಿಮಿಷಗಳಲ್ಲಿ ರಾಜ್ಯದ ಲಕ್ಷಾಂತರ ಮನೆಗಳ ಕೋರಿಕೆಗಳನ್ನು ಒಟ್ಟಿಗೆ ಎದುರಿಸುತ್ತದೆ. ರೈಲ್ವೆಯ ತತ್ಕಾಲ್ ಟಿಕೆಟಿಗಾಗಿ ಹವಾನಿಯಂತ್ರಿತ ದರ್ಜೆಯವರು ಬೆಳಿಗ್ಗೆ 10 ಗಂಟೆಗೂ ಉಳಿದವರು 11 ಗಂಟೆಗೂ ಏಕಕಾಲಕ್ಕೆ ನುಗ್ಗುತ್ತಾರೆ. ವಿಕಿಪೀಡಿಯದಂಥ ವಿಶ್ವಕೋಶದಲ್ಲಿ ಯಾವ ಗಳಿಗೆಯಲ್ಲಿ ಯಾವ ಪುಟಕ್ಕೆ ಜನ ಮುಗಿಬೀಳುತ್ತಾರೆ ಎಂಬುದನ್ನು ಮುಂಚಿತವಾಗಿ ಊಹಿಸುವುದೇ ಸಾಧ್ಯವಿಲ್ಲ. ದಿನದ ಸರಾಸರಿಗೆ ಸಾಲುವಂತೆ ಕಟ್ಟಿದ ವ್ಯವಸ್ಥೆಯು ಈ ಮೂರೂ ಕಡೆಗಳಲ್ಲಿ ಸರಿಯಾಗಿ ಬೇಕಾದ ಹೊತ್ತಿಗೇ ಕೈಕೊಡುತ್ತದೆ.

ಇಂಥ ದಟ್ಟಣೆಯನ್ನು ತಾಳಿಕೊಳ್ಳಲು ಕಂಪ್ಯೂಟರ್ ಶಾಸ್ತ್ರವು ಎರಡು ಉಪಾಯಗಳನ್ನು ಬೆಳೆಸಿದೆ. ಒಂದು, ಬರುವ ಕೋರಿಕೆಗಳನ್ನು ಹಲವು ಯಂತ್ರಗಳಿಗೆ ಹಂಚುವುದು. ಇದನ್ನು ಲೋಡ್ ಬ್ಯಾಲೆನ್ಸಿಂಗ್ ಅಥವಾ ಹೊರೆಯ ಹಂಚಿಕೆ ಎನ್ನುತ್ತಾರೆ. ಎರಡನೆಯದು, ಕೆಲಸಕ್ಕೆ ಅಗತ್ಯವಿರುವುದಕ್ಕಿಂತ ಹೆಚ್ಚು ಯಂತ್ರಗಳನ್ನು, ದಾರಿಗಳನ್ನು, ಪ್ರತಿಗಳನ್ನು ಇಟ್ಟುಕೊಂಡು, ಒಂದು ಕೆಟ್ಟಾಗ ಇನ್ನೊಂದು ಆ ಕೆಲಸವನ್ನು ವಹಿಸಿಕೊಳ್ಳುವಂತೆ ನೋಡಿಕೊಳ್ಳುವುದು. ಇದು ರಿಡಂಡೆನ್ಸಿ, ಅಂದರೆ ಮೀಸಲು ವ್ಯವಸ್ಥೆ. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ ಮೊದಲನೆಯದನ್ನು ಮಾಡಿದರೆ ಎರಡನೆಯದೂ ತಾನಾಗಿ ಸಿದ್ಧಿಸುತ್ತದೆ ಎಂಬ ಭಾವನೆ ಬೆಳೆದಿದೆ. ವಾಸ್ತವದಲ್ಲಿ ಬಿಡುವೇ ಇಲ್ಲದ ಯಂತ್ರಗಳ ನಡುವೆ ಹೊರೆಯನ್ನು ಹಂಚಿದರೆ ಒಂದರ ಕುಸಿತವು ಉಳಿದವುಗಳಿಗೂ ಹಂಚಿಕೆಯಾಗುತ್ತದೆ. ಎಂದೂ ಬಳಸಿ ನೋಡದ ಮೀಸಲು ಯಂತ್ರವು ಆಪತ್ತಿನ ಹೊತ್ತಿನಲ್ಲಿ ಇದ್ದೂ ಇಲ್ಲದಂತಾಗುತ್ತದೆ.

ಯಂತ್ರಕ್ಕೆ ಬಿಡುವು ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರವು ಅಂತರಜಾಲಕ್ಕಿಂತ ಬಹಳ ಹಳೆಯದು. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಡೆನ್ಮಾರ್ಕಿನ ಗಣಿತಜ್ಞ ಆಗ್ನರ್ ಕ್ರಾರಪ್ ಎರ್ಲಾಂಗ್, ಇಷ್ಟು ಕರೆಗಳು ಬರುವ ಊರಿಗೆ ಎಷ್ಟು ತಂತಿಗಳು ಬೇಕು ಎಂಬ ವ್ಯಾವಹಾರಿಕ ಪ್ರಶ್ನೆಯನ್ನು ಎತ್ತಿಕೊಂಡು 1909ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಸರತಿ ಸಿದ್ಧಾಂತವೆಂಬ ಶಾಸ್ತ್ರವೇ ಹುಟ್ಟಿತು. ಕೋರಿಕೆಗಳು ಗೊತ್ತಾದ ಅಂತರದಲ್ಲಿ ಬರದೆ ಮನಬಂದಂತೆ ಬರುವಾಗ, ಒಮ್ಮೆ ನಾಲ್ಕು ಒಟ್ಟಿಗೆ ಬಂದು ಕಾಯುವುದೂ ಇನ್ನೊಮ್ಮೆ ಒಂದೂ ಬಾರದೆ ಯಂತ್ರ ಸುಮ್ಮನಿರುವುದೂ ಸಹಜ ಎಂಬುದು ಈ ಶಾಸ್ತ್ರದ ಮೂಲ ಗ್ರಹಿಕೆ. ಒಂದು ಕೋರಿಕೆಯನ್ನು ಪೂರೈಸಲು ಸರಾಸರಿ 10 ಮಿಲಿಸೆಕೆಂಡ್ ತೆಗೆದುಕೊಳ್ಳುವ ಸರ್ವರ್ ಒಂದಿದೆ ಎಂದಿಟ್ಟುಕೊಂಡರೆ ಅದು ಸೆಕೆಂಡಿಗೆ ಹೆಚ್ಚೆಂದರೆ 100 ಕೋರಿಕೆಗಳನ್ನು ಮುಗಿಸಬಲ್ಲದು. ಈ ಶಾಸ್ತ್ರದ ಅತ್ಯಂತ ಸರಳ ಮಾದರಿಯ ಪ್ರಕಾರ, ಸೆಕೆಂಡಿಗೆ 50 ಕೋರಿಕೆಗಳು ಬರುತ್ತಿರುವಾಗ ಬಳಕೆದಾರನಿಗೆ ಉತ್ತರ ದೊರೆಯಲು ಸರಾಸರಿ 20 ಮಿಲಿಸೆಕೆಂಡ್ ಸಾಕು; 80 ಬಂದರೆ 50 ಮಿಲಿಸೆಕೆಂಡ್, 90 ಬಂದರೆ 100, 95 ಬಂದರೆ 200, 99 ಬಂದರೆ ಪೂರ್ತಿ ಒಂದು ಸೆಕೆಂಡ್. 50ರಿಂದ 80ಕ್ಕೆ ಏರಿದಾಗ ಅಷ್ಟಾಗಿ ಗಮನಕ್ಕೆ ಬಾರದ ಹೊರೆಯು 95ರಿಂದ 99ಕ್ಕೆ ಏರುವಷ್ಟರಲ್ಲಿ ವಿಳಂಬವನ್ನು ಐದು ಪಟ್ಟು ಮಾಡಿರುತ್ತದೆ. ಆ ಹಂತದಲ್ಲಿ ಮನುಷ್ಯ ಸ್ವಭಾವವೂ ಸೇರಿಕೊಳ್ಳುತ್ತದೆ: ಪುಟ ತೆರೆಯದಿದ್ದರೆ ಜನ ಮತ್ತೆ ಮತ್ತೆ ರಿಫ್ರೆಶ್ ಒತ್ತುತ್ತಾರೆ, ಅವರು ಕೈಬಿಟ್ಟ ಹಳೆಯ ಕೋರಿಕೆಗಳನ್ನೂ ಸರ್ವರ್ ಸರತಿಯಲ್ಲಿ ಇಟ್ಟುಕೊಂಡು ಯಾರೂ ನೋಡದ ಉತ್ತರಗಳನ್ನು ಸಿದ್ಧಪಡಿಸುತ್ತಾ ಕೂರುತ್ತದೆ. ಯಂತ್ರ ಪೂರ್ಣವಾಗಿ ದುಡಿಯುತ್ತಿದ್ದರೂ ಅದರಿಂದ ಯಾರಿಗೂ ಉಪಯೋಗವಾಗದ ಈ ಸ್ಥಿತಿಯೇ ತಾಣ ‘ಡೌನ್’ ಆಗುವುದರ ಸಾಮಾನ್ಯ ರೂಪ.

ಒಂದೇ ಯಂತ್ರವನ್ನು ಹೆಚ್ಚು ಶಕ್ತಿಶಾಲಿಯಾಗಿಸುವುದಕ್ಕೆ ಮಿತಿಯಿದೆ ಎಂಬ ಅರಿವು ವೆಬ್‌ನ ಶೈಶವದಲ್ಲೇ ಮೂಡಿತು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟಿಂಗ್ ಕೇಂದ್ರವು 1993ರಲ್ಲಿ ಬಿಡುಗಡೆ ಮಾಡಿದ ಮೊಸಾಯಿಕ್ ಬ್ರೌಸರ್ ಜನಪ್ರಿಯವಾದಂತೆ, ಆ ಕೇಂದ್ರದ ಸ್ವಂತ ಜಾಲತಾಣಕ್ಕೆ ಬರುವವರ ಸಂಖ್ಯೆ ಒಂದು ಯಂತ್ರ ತಾಳಲಾರದಷ್ಟಾಯಿತು. ಅಲ್ಲಿನವರು ಒಂದೇ ಬಗೆಯ ಹಲವು ಕಂಪ್ಯೂಟರ್‌ಗಳನ್ನು ಸಾಲಾಗಿ ಇಟ್ಟು, ಎಲ್ಲವೂ ಒಂದೇ ಕಡತ ಭಂಡಾರದಿಂದ ಪುಟಗಳನ್ನು ಎತ್ತಿಕೊಳ್ಳುವಂತೆ ಮಾಡಿ, ಡಿಎನ್‌ಎಸ್ ವ್ಯವಸ್ಥೆಯಲ್ಲಿ ಒಂದು ಸಣ್ಣ ಮಾರ್ಪಾಡು ತಂದರು. ತಾಣದ ಹೆಸರನ್ನು ಯಂತ್ರದ ಸಂಖ್ಯಾ ವಿಳಾಸಕ್ಕೆ ಬದಲಿಸಿ ಕೊಡುವ ಈ ಡಿಎನ್‌ಎಸ್, ಕೇಳಿದವರೆಲ್ಲರಿಗೂ ಒಂದೇ ವಿಳಾಸ ಕೊಡುವ ಬದಲು ಮೊದಲನೆಯವರಿಗೆ ಮೊದಲ ಯಂತ್ರ, ಎರಡನೆಯವರಿಗೆ ಎರಡನೆಯದು ಎಂದು ಸರದಿಯಂತೆ ಕೊಡತೊಡಗಿತು. ಸರದಿ ಮುಗಿದಾಗ ಮತ್ತೆ ಮೊದಲಿಗೆ ಬರುವ ಈ ಕ್ರಮಕ್ಕೆ ರೌಂಡ್ ರಾಬಿನ್ ಎಂಬ ಹೆಸರಿದೆ.

ಉಪಾಯ ಸರಳವಾಗಿತ್ತು, ಅದರ ದೋಷವೂ ಬೇಗನೆ ತಿಳಿಯಿತು. ಒಮ್ಮೆ ಕೊಟ್ಟ ವಿಳಾಸವನ್ನು ದಾರಿಯ ನಡುವಿನ ಕಂಪ್ಯೂಟರ್‌ಗಳು ಸ್ವಲ್ಪ ಕಾಲ ನೆನಪಿಟ್ಟುಕೊಳ್ಳುತ್ತವೆಯಾದ್ದರಿಂದ, ಅಷ್ಟರಲ್ಲಿ ಆ ಯಂತ್ರ ಕೆಟ್ಟರೂ ಜನ ಅದರ ಬಾಗಿಲನ್ನೇ ತಟ್ಟುತ್ತಿರುತ್ತಾರೆ. ಈ ಕೊರತೆಯನ್ನು ನೀಗಲು 1990ರ ದಶಕದ ನಡುವಿನಿಂದ ಈಚೆಗೆ ಬಂದದ್ದು ಲೋಡ್ ಬ್ಯಾಲೆನ್ಸರ್. ಹೊರಜಗತ್ತಿಗೆ ಒಂದೇ ವಿಳಾಸ ಕಾಣುತ್ತದೆ, ಆ ವಿಳಾಸದಲ್ಲಿ ನಿಂತಿರುವ ಈ ಯಂತ್ರವು ಪ್ರತಿ ಕೋರಿಕೆಯನ್ನೂ ತನ್ನ ಹಿಂದಿರುವ ಸರ್ವರ್‌ಗಳಲ್ಲಿ ಒಂದಕ್ಕೆ ದಾಟಿಸುತ್ತದೆ. ಕೆಲವು ಸೆಕೆಂಡುಗಳಿಗೊಮ್ಮೆ ಅದು ಪ್ರತಿಯೊಂದು ಸರ್ವರ್‌ಗೂ ಪರೀಕ್ಷಾ ಕೋರಿಕೆಯೊಂದನ್ನು ಕಳುಹಿಸಿ, ಸತತವಾಗಿ ಕೆಲವು ಬಾರಿ ಸರಿಯಾದ ಉತ್ತರ ಬಾರದಿದ್ದರೆ ಆ ಸರ್ವರನ್ನು ಪಟ್ಟಿಯಿಂದ ತೆಗೆಯುತ್ತದೆ; ಇದೇ ಹೆಲ್ತ್ ಚೆಕ್. ಮೊದಮೊದಲು ದುಬಾರಿ ಯಂತ್ರಗಳಾಗಿ ಮಾರಾಟವಾಗುತ್ತಿದ್ದ ಈ ಸಾಮರ್ಥ್ಯವನ್ನು ಚೀನಾದ ವೆನ್‌ಸಾಂಗ್ ಜಾಂಗ್ 1998ರಲ್ಲಿ ಆರಂಭಿಸಿದ ಲಿನಕ್ಸ್ ವರ್ಚುವಲ್ ಸರ್ವರ್, ಫ್ರಾನ್ಸಿನ ವಿಲಿ ತಾರೋ ಅವರ ಎಚ್‌ಎ‌ಪ್ರಾಕ್ಸಿ, ರಷ್ಯಾದ ಇಗೊರ್ ಸಿಸೋಯೆವ್ 2004ರಲ್ಲಿ ಬಿಡುಗಡೆ ಮಾಡಿದ ಎಂಜಿನ್‌ಎಕ್ಸ್ ಎಂಬ ಮುಕ್ತ ತಂತ್ರಾಂಶಗಳು ಎಲ್ಲರ ಕೈಗೂ ತಲುಪಿಸಿದವು. ಇಂದು ಜಗತ್ತಿನ ವೆಬ್ ಸಂಚಾರದ ದೊಡ್ಡ ಪಾಲು ಹೀಗೆ ಹಂಚಿಕೊಂಡ ತಂತ್ರಾಂಶಗಳ ಮೇಲೆ ನಡೆಯುತ್ತಿದೆ ಎಂಬುದು ಕೃತಜ್ಞತೆಯಿಂದ ನೆನೆಯಬೇಕಾದ ಸಂಗತಿ.

ಯಾವ ಸರ್ವರ್‌ಗೆ ದಾಟಿಸಬೇಕು ಎಂಬ ಆಯ್ಕೆಯು ಮೇಲ್ನೋಟಕ್ಕೆ ಕಾಣುವುದಕ್ಕಿಂತ ಸೂಕ್ಷ್ಮವಾದದ್ದು. ಎಲ್ಲಕ್ಕಿಂತ ಕಡಿಮೆ ಕೆಲಸವಿರುವ ಸರ್ವರನ್ನು ಹುಡುಕಿ ಕೊಡುವುದೇ ಉತ್ತಮವೆಂದು ತೋರಬಹುದು, ಆದರೆ ಹಲವು ಬ್ಯಾಲೆನ್ಸರ್‌ಗಳು ಏಕಕಾಲಕ್ಕೆ ಹಾಗೆ ಹುಡುಕಿದಾಗ ಎಲ್ಲವೂ ಒಂದೇ ಸರ್ವರನ್ನು ಬಿಡುವಿನದೆಂದು ಗುರುತಿಸಿ ಕ್ಷಣದಲ್ಲಿ ಅದರ ಮೇಲೆ ಮುಗಿಬೀಳುತ್ತವೆ. ಇನ್ನೂ ಅಪಾಯದ ಸಂಗತಿಯೆಂದರೆ, ಒಳಗೆ ಕೆಟ್ಟಿರುವ ಸರ್ವರ್ ಪ್ರತಿ ಕೋರಿಕೆಗೂ ಕೆಲಸವನ್ನೇ ಮಾಡದೆ ತಕ್ಷಣ ‘ದೋಷ’ ಎಂಬ ಉತ್ತರ ಕೊಟ್ಟು ಕೈತೊಳೆದುಕೊಳ್ಳುವುದರಿಂದ ಅದೇ ಎಲ್ಲಕ್ಕಿಂತ ಚುರುಕಾಗಿ ಕಾಣುತ್ತದೆ, ಹೆಚ್ಚು ಹೆಚ್ಚು ಕೋರಿಕೆಗಳು ಅದರತ್ತಲೇ ಹರಿಯುತ್ತವೆ. ಒಂದೇ ಸರ್ವರ್ ಮೇಲೆ ಮುಗಿಬೀಳುವ ತೊಡಕಿಗೆ ಪರಿಹಾರವಾಗಿ 1990ರ ದಶಕದಲ್ಲಿ ಗಣಿತಜ್ಞರು ಸಾಧಿಸಿ ತೋರಿಸಿದ ಫಲಿತಾಂಶವೊಂದು ಇಂದಿಗೂ ಬೆರಗು ಹುಟ್ಟಿಸುತ್ತದೆ: ಸಾವಿರ ಸರ್ವರ್‌ಗಳಿದ್ದರೂ ಎಲ್ಲವನ್ನೂ ವಿಚಾರಿಸಬೇಕಿಲ್ಲ, ಕಣ್ಣುಮುಚ್ಚಿ ಯಾವುದಾದರೂ ಎರಡನ್ನು ಆರಿಸಿ ಅವೆರಡರಲ್ಲಿ ಕಡಿಮೆ ಹೊರೆಯಿರುವುದಕ್ಕೆ ಕಳುಹಿಸಿದರೆ ಸಾಕು. ರೈಲು ನಿಲ್ದಾಣದ ಹತ್ತಾರು ಟಿಕೆಟ್ ಕಿಟಕಿಗಳ ಮುಂದೆ ಬರುವ ಪ್ರತಿಯೊಬ್ಬರೂ ಕೈಗೆ ಸಿಕ್ಕ ಎರಡೇ ಸಾಲುಗಳನ್ನು ಹೋಲಿಸಿ ಗಿಡ್ಡನೆಯದರಲ್ಲಿ ನಿಂತರೂ ಯಾವ ಸಾಲೂ ಅತಿಯಾಗಿ ಉದ್ದವಾಗುವುದಿಲ್ಲ. ಮೂರು, ನಾಲ್ಕು ಸಾಲುಗಳನ್ನು ಹೋಲಿಸುವುದರಿಂದ ಆಗುವ ಹೆಚ್ಚಿನ ಲಾಭ ತೀರಾ ಅಲ್ಪ. ಒಂದರಿಂದ ಎರಡಕ್ಕೆ ಹೋದಾಗ ಆಗುವ ಲಾಭವೇ ಅಗಾಧ.

ಇನ್ನು ಲೋಡ್ ಬ್ಯಾಲೆನ್ಸರೇ ಕೆಟ್ಟರೆ ಏನು ಎಂಬ ಪ್ರಶ್ನೆ ಏಳುವುದು ಸಹಜ. ಹಿಂದಿರುವ ಐವತ್ತು ಸರ್ವರ್‌ಗಳು ಆರೋಗ್ಯವಾಗಿದ್ದರೂ ಮುಂದಿನ ಬಾಗಿಲು ಮುಚ್ಚಿದರೆ ತಾಣ ಮುಚ್ಚಿದಂತೆಯೇ ಸರಿ. ಆದ್ದರಿಂದ ಬ್ಯಾಲೆನ್ಸರ್‌ಗಳನ್ನೂ ಜೋಡಿಯಾಗಿ ಇಟ್ಟು, ಒಂದರ ಮಿಡಿತ ನಿಂತೊಡನೆ ಇನ್ನೊಂದು ಅದೇ ವಿಳಾಸವನ್ನು ತನ್ನದಾಗಿಸಿಕೊಳ್ಳುವಂತೆ ಮಾಡಲಾಗುತ್ತದೆ. ಹೀಗೆ ಕೆಲಸ ಕೈಬದಲಾಗುವುದಕ್ಕೆ ಫೇಲ್‌ಓವರ್ ಎನ್ನುತ್ತಾರೆ. ಇಲ್ಲಿಂದ ಮುಂದೆ ಮೀಸಲು ವ್ಯವಸ್ಥೆಯ ಲೆಕ್ಕ ಆರಂಭವಾಗುತ್ತದೆ.

ನಂಬಲಾಗದ ಬಿಡಿಭಾಗಗಳಿಂದ ನಂಬಬಹುದಾದ ಯಂತ್ರವನ್ನು ಕಟ್ಟುವುದು ಸಾಧ್ಯವೇ ಎಂಬ ಪ್ರಶ್ನೆಯನ್ನು ಗಣಿತದ ಭಾಷೆಯಲ್ಲಿ ಎತ್ತಿ ಉತ್ತರಿಸಿದವರು ಜಾನ್ ವಾನ್ ನಾಯ್ಮನ್. 1952ರಲ್ಲಿ ಅವರು ನೀಡಿದ ಉಪನ್ಯಾಸಗಳು 1956ರಲ್ಲಿ ಪ್ರಕಟವಾದವು. ಒಂದೇ ಕೆಲಸವನ್ನು ಹಲವು ಭಾಗಗಳಿಗೆ ಒಪ್ಪಿಸಿ ಬಹುಮತದ ಉತ್ತರವನ್ನು ಸ್ವೀಕರಿಸಿದರೆ, ಬಿಡಿಭಾಗಗಳ ತಪ್ಪು ಒಂದು ಮಿತಿಯೊಳಗಿರುವ ತನಕ ಇಡೀ ಯಂತ್ರದ ತಪ್ಪನ್ನು ಬೇಕಾದಷ್ಟು ತಗ್ಗಿಸಬಹುದು ಎಂದು ಅವರು ತೋರಿಸಿದರು. ಜಾಲತಾಣದ ಮಟ್ಟದಲ್ಲಿ ಈ ಲೆಕ್ಕ ಇನ್ನೂ ಸುಲಭ. ನೂರರಲ್ಲಿ 99 ಪಾಲು ಸಮಯ ಸರಿಯಾಗಿರುವ ಸರ್ವರ್ ವರ್ಷಕ್ಕೆ ಸುಮಾರು ಮೂರೂವರೆ ದಿನ ಕೆಟ್ಟಿರುತ್ತದೆ. ಅಂಥದೇ ಎರಡು ಇದ್ದು, ಒಂದು ಸಾಕಾಗುವಂತಿದ್ದರೆ, ಎರಡೂ ಒಟ್ಟಿಗೆ ಕೆಟ್ಟಿರುವ ಕಾಲ ವರ್ಷಕ್ಕೆ ಒಂದು ಗಂಟೆಗಿಂತ ಕಡಿಮೆ, ಅಂದರೆ ಸುಮಾರು 53 ನಿಮಿಷ. ಮೂರಿದ್ದರೆ ಅದು ಅರ್ಧ ನಿಮಿಷದಷ್ಟಕ್ಕೆ ಇಳಿಯುತ್ತದೆ.

ಈ ಲೆಕ್ಕ ನಿಂತಿರುವುದು ಒಂದೇ ಷರತ್ತಿನ ಮೇಲೆ: ಎರಡು ಯಂತ್ರಗಳು ಕೆಡುವ ಕಾರಣಗಳು ಪರಸ್ಪರ ಸಂಬಂಧವಿಲ್ಲದವಾಗಿರಬೇಕು. ಆ ಷರತ್ತು ವಾಸ್ತವದಲ್ಲಿ ಪೂರ್ತಿಯಾಗಿ ಈಡೇರುವುದು ಅಪರೂಪ. ಎರಡೂ ಸರ್ವರ್‌ಗಳು ಒಂದೇ ವಿದ್ಯುತ್ ಮಾರ್ಗದಲ್ಲಿದ್ದರೆ, ಒಂದೇ ಕೋಣೆಯಲ್ಲಿದ್ದರೆ, ಒಂದೇ ತಪ್ಪಿರುವ ತಂತ್ರಾಂಶವನ್ನು ಒಂದೇ ದಿನ ಹಾಕಿಸಿಕೊಂಡಿದ್ದರೆ, ಲೆಕ್ಕದಲ್ಲಿ ಎರಡಾದರೂ ಆಪತ್ತಿನಲ್ಲಿ ಅವು ಒಂದೇ. ವಿಕಿಪೀಡಿಯದ ಸರ್ವರ್‌ಗಳು ಅಮೆರಿಕದ ಫ್ಲಾರಿಡಾದಲ್ಲಿದ್ದ ಕಾಲದಲ್ಲಿ, 2005ರ ಫೆಬ್ರುವರಿಯಲ್ಲಿ, ಆ ಕೇಂದ್ರಕ್ಕೆ ವಿದ್ಯುತ್ ಹಠಾತ್ತನೆ ನಿಂತಾಗ ದತ್ತಾಂಶದ ಹಲವು ಪ್ರತಿಗಳು ಒಟ್ಟಿಗೇ ಕೆಟ್ಟು, ತಾಣವನ್ನು ಪೂರ್ತಿಯಾಗಿ ಮೇಲೆತ್ತಲು ಬಹಳ ಹೊತ್ತು ಹಿಡಿಯಿತು. ಪ್ರತಿಗಳೇನೋ ಹಲವಿದ್ದವು, ಆದರೆ ಅವೆಲ್ಲ ಒಂದೇ ಸೂರಿನಡಿ ಇದ್ದವು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬೂರ್ಗ್‌ನಲ್ಲಿ ಒವಿಎಚ್ ಸಂಸ್ಥೆಯ ದತ್ತಾಂಶ ಕೇಂದ್ರದ ಕಟ್ಟಡವೊಂದು ಬೆಂಕಿಗೆ ಆಹುತಿಯಾಗಿ ಪಕ್ಕದ ಕಟ್ಟಡಕ್ಕೂ ಹಾನಿಯಾದಾಗ, ಮೂಲವನ್ನೂ ಬ್ಯಾಕಪ್ಪನ್ನೂ ಅದೇ ಆವರಣದಲ್ಲಿ ಇಟ್ಟಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. ಮೀಸಲು ವ್ಯವಸ್ಥೆಯನ್ನು ಪರಿಶೀಲಿಸುವವರು ಪ್ರತಿಗಳು ಎಷ್ಟಿವೆ ಎಂದು ಎಣಿಸುವುದಕ್ಕೆ ಮುಂಚೆ, ಅವೆಲ್ಲವನ್ನೂ ಒಟ್ಟಿಗೆ ಕೊಂಡೊಯ್ಯಬಲ್ಲ ಘಟನೆ ಯಾವುದು ಎಂದು ಕೇಳುವುದು ಹೆಚ್ಚು ಫಲದಾಯಕ.

ಇದರ ಜೊತೆಗೇ ಬರುವ, ಇದಕ್ಕಿಂತಲೂ ಹೆಚ್ಚಾಗಿ ಕಡೆಗಣಿಸಲ್ಪಡುವ ಸಂಗತಿ ಬಿಡುವಿನದು. ಎರಡು ಸರ್ವರ್‌ಗಳ ನಡುವೆ ಹೊರೆಯನ್ನು ಸಮನಾಗಿ ಹಂಚಿದ್ದು, ಪ್ರತಿಯೊಂದೂ ತನ್ನ ಸಾಮರ್ಥ್ಯದ ಶೇಕಡ 60ರಷ್ಟು ದುಡಿಯುತ್ತಿದೆ ಎಂದುಕೊಂಡರೆ, ಹೊರನೋಟಕ್ಕೆ ಎರಡೂ ಆರಾಮವಾಗಿಯೇ ಇವೆ. ಆದರೆ ಒಂದು ಕೆಟ್ಟ ಕ್ಷಣದಲ್ಲಿ ಉಳಿದದ್ದರ ಮೇಲೆ ಬೀಳುವುದು ಶೇಕಡ 120, ಅದೂ ಕುಸಿಯುತ್ತದೆ. ಅಂದರೆ ಈ ಜೋಡಿಯಲ್ಲಿ ಮೀಸಲು ಎಂಬುದು ಇರಲೇ ಇಲ್ಲ; ಎರಡರಲ್ಲಿ ಯಾವುದು ಕೆಟ್ಟರೂ ತಾಣ ನಿಲ್ಲುವುದರಿಂದ ಅಪಾಯ ಒಂದು ಯಂತ್ರದಲ್ಲಿದ್ದುದರ ಎರಡರಷ್ಟಾಗಿತ್ತು. ಹತ್ತು ಸರ್ವರ್‌ಗಳಿದ್ದರೆ ಒಂದರ ಹೊರೆಯನ್ನು ಒಂಬತ್ತು ಹೊರಬೇಕಾಗುವುದರಿಂದ ಪ್ರತಿಯೊಂದೂ ಶೇಕಡ 90ರವರೆಗೆ ದುಡಿಯಬಹುದು ಎಂದು ಸರಳ ಗಣಿತ ಹೇಳುತ್ತದೆ, ಆದರೆ ಎರ್ಲಾಂಗ್ ಅವರ ಸರತಿ ಲೆಕ್ಕವು ಅಷ್ಟು ದೂರ ಹೋಗಬಾರದೆಂದು ಎಚ್ಚರಿಸುತ್ತದೆ. ಒಂದು ಕುಸಿದು, ಅದರ ಹೊರೆ ಉಳಿದವುಗಳನ್ನು ಕುಸಿಯುವಂತೆ ಮಾಡಿ, ಕೊನೆಗೆ ಇಡೀ ಸಾಲೇ ನೆಲಕಚ್ಚುವುದಕ್ಕೆ ಸರಣಿ ಕುಸಿತ ಎನ್ನಬಹುದು. ದೊಡ್ಡ ತಾಣಗಳ ಹೆಸರಾಂತ ವೈಫಲ್ಯಗಳಲ್ಲಿ ಬಹಳಷ್ಟು ಈ ಬಗೆಯವೇ. ಖರ್ಚಿನ ಪಟ್ಟಿಯಲ್ಲಿ ಕೆಲಸವಿಲ್ಲದೆ ಕುಳಿತ ಯಂತ್ರವೆಂದು ಕಾಣುವ ಆ ಬಿಡುವನ್ನು ಉಳಿತಾಯದ ಹೆಸರಿನಲ್ಲಿ ಕತ್ತರಿಸುವವರು ತಾವು ಕತ್ತರಿಸುತ್ತಿರುವುದು ತಾಣದ ಆಯುಷ್ಯವನ್ನು ಎಂಬುದನ್ನು ಅರಿಯಬೇಕು. ಬಾಡಿಗೆ ಯಂತ್ರಗಳನ್ನು ಬೇಕಾದಾಗ ತಾನಾಗಿ ಹೆಚ್ಚಿಸಿಕೊಳ್ಳುವ ಕ್ಲೌಡ್ ಸೌಲಭ್ಯವೂ ಇದನ್ನು ಪೂರ್ತಿಯಾಗಿ ನಿವಾರಿಸುವುದಿಲ್ಲ, ಏಕೆಂದರೆ ಹೊಸ ಯಂತ್ರ ಎದ್ದು ಸಿದ್ಧವಾಗಲು ಸಮಯ ಬೇಕು, ದಟ್ಟಣೆ ಕೆಲವೇ ಸೆಕೆಂಡುಗಳಲ್ಲಿ ಏರುತ್ತದೆ. 2023ರ ನವೆಂಬರ್ 19ರಂದು ಅಹಮದಾಬಾದಿನಲ್ಲಿ ನಡೆದ ವಿಶ್ವಕಪ್ ಕ್ರಿಕೆಟ್ ಫೈನಲನ್ನು ಒಂದು ಹಂತದಲ್ಲಿ 5.9 ಕೋಟಿ ಮಂದಿ ಹಾಟ್‌ಸ್ಟಾರ್ ಮೂಲಕ ಏಕಕಾಲಕ್ಕೆ ನೋಡಿದರು. ಅಂಥ ದಿನಕ್ಕೆ ಬೇಕಾದ ಸಾಮರ್ಥ್ಯವನ್ನು ಪಂದ್ಯಕ್ಕೆ ಮುಂಚೆಯೇ ಎಬ್ಬಿಸಿ ನಿಲ್ಲಿಸಿಕೊಳ್ಳದೆ ಬೇರೆ ದಾರಿಯಿಲ್ಲ.

ಕಡಿಮೆ ಹಣದಲ್ಲಿ ಅಪಾರ ದಟ್ಟಣೆಯನ್ನು ತಾಳಿಕೊಂಡ ತಾಣಗಳಲ್ಲಿ ಅಧ್ಯಯನಕ್ಕೆ ಅತ್ಯಂತ ಯೋಗ್ಯವಾದದ್ದು ವಿಕಿಪೀಡಿಯ, ಏಕೆಂದರೆ ಅದು ತನ್ನ ಸರ್ವರ್‌ಗಳ ರಚನೆಯನ್ನೂ ವೈಫಲ್ಯಗಳ ವಿವರವನ್ನೂ ಬಚ್ಚಿಡದೆ ಪ್ರಕಟಿಸುತ್ತ ಬಂದಿದೆ. 2001ರ ಜನವರಿ 15ರಂದು ಒಂದೇ ಸರ್ವರ್‌ನಲ್ಲಿ ಆರಂಭವಾದ ಈ ವಿಶ್ವಕೋಶ, ಓದುಗರ ದೇಣಿಗೆಯಿಂದ ಯಂತ್ರಗಳನ್ನು ಕೊಳ್ಳುತ್ತ ಬೆಳೆಯಿತು. 2003ರಲ್ಲಿ ಶುರುವಾಗಿ ಇಂದು ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳಿರುವ ಕನ್ನಡ ವಿಕಿಪೀಡಿಯವೂ ಇಂಗ್ಲಿಷಿನದನ್ನು ಹೊತ್ತಿರುವ ಅದೇ ಸರ್ವರ್‌ಗಳ ಮೇಲೆಯೇ ನಿಂತಿದೆ. ಈ ವಿಶ್ವಕೋಶದ ಬಲವಿರುವುದು ಕ್ಯಾಶ್ ಎಂಬ ಏರ್ಪಾಡಿನಲ್ಲಿ: ಒಮ್ಮೆ ಸಿದ್ಧಪಡಿಸಿದ ಪುಟದ ಪ್ರತಿಯನ್ನು ಮುಂಚೂಣಿಯ ಯಂತ್ರಗಳಲ್ಲಿ ಇಟ್ಟುಕೊಂಡು, ಮುಂದಿನ ಓದುಗರಿಗೆ ಅದನ್ನೇ ಕೊಡುವುದು. ಬಹುಪಾಲು ಓದುಗರು ನೋಡುವುದು ಬದಲಾಗದ ಪುಟವನ್ನಾದ್ದರಿಂದ, ಒಳಗಿನ ಸರ್ವರ್‌ಗಳವರೆಗೆ ಹೋಗುವ ಕೋರಿಕೆಗಳು ಒಂದು ಸಣ್ಣ ಪಾಲು ಮಾತ್ರ. ಈ ಮುಂಚೂಣಿ ಯಂತ್ರಗಳು ಓದುಗರಿಗೆ ಹತ್ತಿರದಲ್ಲಿರಲೆಂದು ಆಮ್‌ಸ್ಟರ್‌ಡ್ಯಾಮ್, ಸ್ಯಾನ್ ಫ್ರಾನ್ಸಿಸ್ಕೊ ಮೊದಲಾದ ಕಡೆ ಕೇಂದ್ರಗಳನ್ನು ತೆರೆದ ಬಳಿಕ, ಏಷ್ಯಾದ ಓದುಗರಿಗಾಗಿ 2018ರಲ್ಲಿ ಸಿಂಗಪುರದಲ್ಲಿ ಒಂದನ್ನು ಆರಂಭಿಸಲಾಯಿತು.

ಹಲವು ಕ್ಯಾಶ್ ಯಂತ್ರಗಳಿದ್ದಾಗ ಯಾವ ಪುಟ ಯಾವ ಯಂತ್ರದಲ್ಲಿರಬೇಕು ಎಂಬುದನ್ನು ನಿರ್ಧರಿಸುವ ಸೂತ್ರವೊಂದು ಬೇಕು. ಪುಟದ ಹೆಸರನ್ನು ಸಂಖ್ಯೆಯಾಗಿಸಿ ಯಂತ್ರಗಳ ಸಂಖ್ಯೆಯಿಂದ ಭಾಗಿಸಿ ಉಳಿದ ಶೇಷವನ್ನು ನೋಡುವುದು ಸುಲಭದ ದಾರಿ. ಆದರೆ ಹತ್ತರಲ್ಲಿ ಒಂದು ಯಂತ್ರ ಕೆಟ್ಟು ಒಂಬತ್ತಾದೊಡನೆ ಸುಮಾರು ಶೇಕಡ 90ರಷ್ಟು ಪುಟಗಳ ಜಾಗ ಬದಲಾಗಿ, ಕ್ಯಾಶ್ ಇದ್ದೂ ಖಾಲಿಯಾದಂತಾಗುತ್ತದೆ. 1997ರಲ್ಲಿ ಅಮೆರಿಕದ ಎಂಐಟಿ ಸಂಶೋಧಕರು ಮುಂದಿಟ್ಟ ‘ಕನ್ಸಿಸ್ಟೆಂಟ್ ಹ್ಯಾಶಿಂಗ್’ ಎಂಬ ವಿಧಾನದಲ್ಲಿ ಯಂತ್ರಗಳನ್ನೂ ಪುಟಗಳನ್ನೂ ಒಂದೇ ವೃತ್ತದ ಮೇಲಿನ ಬಿಂದುಗಳಂತೆ ಭಾವಿಸಿ, ಪ್ರತಿ ಪುಟವನ್ನೂ ಅದರ ಮುಂದೆ ಸಿಗುವ ಮೊದಲ ಯಂತ್ರಕ್ಕೆ ಒಪ್ಪಿಸಲಾಗುತ್ತದೆ. ಆಗ ಒಂದು ಯಂತ್ರ ಹೋದರೆ ಅದರ ಪಾಲಿನ, ಅಂದರೆ ಒಟ್ಟಿನ ಹತ್ತನೇ ಒಂದು ಭಾಗದಷ್ಟು, ಪುಟಗಳು ಮಾತ್ರ ಸ್ಥಳಾಂತರವಾಗುತ್ತವೆ. ಆ ಪ್ರಬಂಧದ ಲೇಖಕರಲ್ಲಿ ಇಬ್ಬರಾದ ಟಾಮ್ ಲೇಟನ್ ಮತ್ತು ಡೇನಿಯಲ್ ಲೆವಿನ್ 1998ರಲ್ಲಿ ಅಕಮೈ ಸಂಸ್ಥೆಯನ್ನು ಕಟ್ಟಿದರು. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಗೋಪುರಕ್ಕೆ ಅಪ್ಪಳಿಸಿದ ಮೊದಲ ವಿಮಾನದಲ್ಲಿದ್ದ ಲೆವಿನ್ ತಮ್ಮ 31ನೇ ವಯಸ್ಸಿನಲ್ಲಿ ಕೊಲೆಯಾದರು. ಅದೇ ದಿನ ಜಗತ್ತಿನ ಸುದ್ದಿತಾಣಗಳ ಮೇಲೆ ಹಿಂದೆಂದೂ ಕಾಣದ ದಟ್ಟಣೆ ಬಿದ್ದಾಗ, ಅವುಗಳಲ್ಲಿ ಹಲವನ್ನು ನಿಲ್ಲದಂತೆ ಹಿಡಿದದ್ದರಲ್ಲಿ ಅವರು ಕಟ್ಟಿದ ಜಾಲವೂ ಇತ್ತು.

ಕ್ಯಾಶ್‌ಗೂ ತನ್ನದೇ ಆದ ದೌರ್ಬಲ್ಯವಿದೆ. 2009ರ ಜೂನ್ 25ರಂದು ಮೈಕಲ್ ಜಾಕ್ಸನ್ ತೀರಿಕೊಂಡ ಸುದ್ದಿ ಹರಡಿದಾಗ ಅವರ ಕುರಿತ ಇಂಗ್ಲಿಷ್ ವಿಕಿಪೀಡಿಯ ಲೇಖನಕ್ಕೆ ಒಂದು ಗಂಟೆಯಲ್ಲಿ ಸುಮಾರು ಹತ್ತು ಲಕ್ಷ ಮಂದಿ ಬಂದರು. ಬರೀ ಓದುವವರಾಗಿದ್ದರೆ ಕ್ಯಾಶ್ ಅಷ್ಟನ್ನೂ ಸಲೀಸಾಗಿ ನಿಭಾಯಿಸುತ್ತಿತ್ತು. ಆದರೆ ಸಂಪಾದಕರು ಅದೇ ಹೊತ್ತಿನಲ್ಲಿ ಲೇಖನವನ್ನು ಮತ್ತೆ ಮತ್ತೆ ತಿದ್ದುತ್ತಿದ್ದರು. ಪ್ರತಿ ತಿದ್ದುಪಡಿಯೊಂದಿಗೆ ಹಳೆಯ ಪ್ರತಿ ಅಳಿಸಿಹೋಗಿ, ಹೊಸದು ಸಿದ್ಧವಾಗುವ ಕೆಲವು ಸೆಕೆಂಡುಗಳಲ್ಲಿ ಬಂದ ಎಲ್ಲ ಕೋರಿಕೆಗಳೂ ಒಳಗಿನ ಸರ್ವರ್‌ಗಳಿಗೆ ನುಗ್ಗಿ, ಪ್ರತಿಯೊಂದು ಸರ್ವರೂ ಅದೇ ಪುಟವನ್ನು ಪ್ರತ್ಯೇಕವಾಗಿ ಕಟ್ಟಲು ತೊಡಗಿತು. ಸಮವಾಗಿ ಹಂಚಿದ ಹೊರೆಯೇ ಇಲ್ಲಿ ಎಲ್ಲ ಸರ್ವರ್‌ಗಳನ್ನೂ ಸಮವಾಗಿ ಮುಳುಗಿಸಿತು. ಆ ಒಂದು ಪುಟದಿಂದಾಗಿ ಉಳಿದ ಲಕ್ಷಾಂತರ ಪುಟಗಳಿಗೂ ತೊಡಕಾಯಿತು. ಅದಾದ ನಂತರ ರೂಪುಗೊಂಡ ‘ಪೂಲ್‌ಕೌಂಟರ್’ ಎಂಬ ತಂತ್ರಾಂಶವು ಒಂದು ಪುಟವನ್ನು ಕಟ್ಟುವ ಕೆಲಸವನ್ನು ಏಕಕಾಲಕ್ಕೆ ಮಿತ ಸಂಖ್ಯೆಯ ಸರ್ವರ್‌ಗಳಿಗಷ್ಟೇ ಬಿಟ್ಟು, ಉಳಿದವರನ್ನು ಕಾಯಿಸುತ್ತದೆ, ಇಲ್ಲವೇ ತುಸು ಹಳೆಯ ಪ್ರತಿಯನ್ನು ಕೊಟ್ಟು ಕಳುಹಿಸುತ್ತದೆ. ಹೊಸ ಯಂತ್ರಗಳನ್ನು ಸೇರಿಸುವುದರಿಂದ ಬಗೆಹರಿಯದ ತೊಂದರೆಯೊಂದನ್ನು ‘ಈಗ ಬೇಡ’ ಎನ್ನುವ ಅಧಿಕಾರವನ್ನು ಯಂತ್ರಕ್ಕೆ ಕೊಡುವ ಮೂಲಕ ಬಗೆಹರಿಸಿದ್ದು ಇದರ ವಿಶೇಷ.

ತತ್ಕಾಲ್ ಟಿಕೆಟ್ಟಿನ ಸಮಸ್ಯೆ ಇದಕ್ಕಿಂತ ಕಠಿಣ. ಅಲ್ಲಿ ಪ್ರತಿಯೊಬ್ಬರೂ ಬರುವುದು ಓದಲಿಕ್ಕಲ್ಲ, ಒಂದೇ ಬರ್ತನ್ನು ತನ್ನ ಹೆಸರಿಗೆ ಬರೆಸಿಕೊಳ್ಳಲಿಕ್ಕೆ. ಒಬ್ಬನಿಗೆ ಸಿಕ್ಕ ಬರ್ತ್ ಮರುಕ್ಷಣ ಇನ್ನೊಬ್ಬನಿಗೆ ಇಲ್ಲವಾಗಬೇಕು. ಮುಂದೆ ಸಾವಿರ ವೆಬ್ ಸರ್ವರ್‌ಗಳಿದ್ದರೂ ಕೊನೆಯಲ್ಲಿ ಆ ರೈಲಿನ ಆ ಬರ್ತಿನ ಸತ್ಯ ಒಂದೇ ಕಡೆ ತೀರ್ಮಾನವಾಗಬೇಕಾದ್ದರಿಂದ, ಹೊರೆಯ ಹಂಚಿಕೆ ಅಲ್ಲಿಗೆ ಬಂದು ನಿಲ್ಲುತ್ತದೆ. ಡೇಟಾಬೇಸಿನ ಪ್ರತಿಗಳನ್ನು ಓದಲು ಎಷ್ಟು ಬೇಕಾದರೂ ಇಡಬಹುದು, ಬರೆಯುವ ಕೆಲಸ ಮಾತ್ರ ಸಾಮಾನ್ಯವಾಗಿ ಒಂದು ಮುಖ್ಯ ಪ್ರತಿಯ ಪಾಲಿಗೇ ಇರುತ್ತದೆ. ವಿಕಿಪೀಡಿಯದ ಎರಡು ಮುಖ್ಯ ಕೇಂದ್ರಗಳಾದ ವರ್ಜೀನಿಯಾದ ಆಶ್‌ಬರ್ನ್ ಮತ್ತು ಟೆಕ್ಸಾಸಿನ ಕ್ಯಾರೋಲ್ಟನ್ ನಡುವೆ ಸುಮಾರು ಎರಡು ಸಾವಿರ ಕಿಲೋಮೀಟರ್ ದೂರವಿದ್ದು, ಗಾಜಿನ ಎಳೆಯಲ್ಲಿ ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್ ಸಾಗುವ ಬೆಳಕಿಗೂ ಹೋಗಿ ಬರಲು ಕನಿಷ್ಠ 20 ಮಿಲಿಸೆಕೆಂಡ್ ಬೇಕು. ಪ್ರತಿ ಬರವಣಿಗೆಯೂ ಎರಡೂ ಕಡೆ ದಾಖಲಾಗುವವರೆಗೆ ಕಾಯುವುದಾದರೆ ವೇಗ ಕುಗ್ಗುತ್ತದೆ, ಕಾಯದಿದ್ದರೆ ಮುಖ್ಯ ಕೇಂದ್ರ ಹಠಾತ್ತನೆ ಹೋದಾಗ ಕೊನೆಯ ಕೆಲವು ಬರಹಗಳು ಕಳೆದುಹೋಗಬಹುದು. ಎರಡರಲ್ಲಿ ಯಾವುದನ್ನು ಒಪ್ಪಿಕೊಳ್ಳಬೇಕೆಂಬುದು ಆಯಾ ತಾಣದ ಉದ್ದೇಶವನ್ನು ನೋಡಿ ಮಾಡಬೇಕಾದ ತೀರ್ಮಾನ.

ಮೀಸಲು ಕೇಂದ್ರವೊಂದು ಇದ್ದರೆ ಸಾಲದು, ಅದಕ್ಕೆ ದಾಟುವ ದಾರಿಯೂ ಸುಸ್ಥಿತಿಯಲ್ಲಿರಬೇಕು ಎಂಬುದನ್ನು ವಿಕಿಪೀಡಿಯ ಕಲಿತದ್ದು 2010ರ ಮಾರ್ಚ್ 24ರಂದು. ಯುರೋಪಿನ ಕೇಂದ್ರದಲ್ಲಿ ಉಷ್ಣತೆ ಮಿತಿಮೀರಿ ಹಲವು ಸರ್ವರ್‌ಗಳು ತಮ್ಮ ರಕ್ಷಣೆಗಾಗಿ ತಾವೇ ನಿಂತಾಗ, ಎಂಜಿನಿಯರುಗಳು ಮುಂಚೆಯೇ ಸಿದ್ಧವಿದ್ದ ಕ್ರಮದಂತೆ ಡಿಎನ್‌ಎಸ್ ದಾಖಲೆಗಳನ್ನು ಬದಲಿಸಿ ಎಲ್ಲ ಸಂಚಾರವನ್ನು ಫ್ಲಾರಿಡಾದತ್ತ ತಿರುಗಿಸಿದರು. ಆ ಕ್ರಮವೇ ಅಷ್ಟರಲ್ಲಿ ಎಲ್ಲೋ ಕೆಟ್ಟಿತ್ತು. ಯುರೋಪಿಗೆ ಸೀಮಿತವಾಗಿದ್ದ ತೊಂದರೆ ಜಗತ್ತಿನಾದ್ಯಂತ ವಿಕಿಪೀಡಿಯದ ಹೆಸರೇ ಸಿಗದಂತಾಗುವವರೆಗೆ ಹಬ್ಬಿತು. ದೋಷವನ್ನು ಬೇಗನೆ ಸರಿಪಡಿಸಿದರೂ, ಹಳೆಯ ತಪ್ಪು ಉತ್ತರವನ್ನು ನೆನಪಿಟ್ಟುಕೊಂಡಿದ್ದ ನಡುದಾರಿಯ ಕಂಪ್ಯೂಟರ್‌ಗಳು ಅದನ್ನು ಮರೆಯುವವರೆಗೆ ಎಲ್ಲರಿಗೂ ತಾಣ ಮರಳಿ ಸಿಗಲಿಲ್ಲ.

ಇದಕ್ಕೆ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನ ಕಾಲಕ್ರಮದಲ್ಲಿ ಕಂಡುಕೊಂಡ ಉತ್ತರವು ಎಲ್ಲ ಸಾರ್ವಜನಿಕ ಜಾಲತಾಣಗಳೂ ಗಮನಿಸಬೇಕಾದಂಥದ್ದು. ಆಪತ್ತು ಬರುವವರೆಗೆ ಕಾಯದೆ, ಎಲ್ಲವೂ ಸರಿಯಾಗಿರುವ ದಿನವೇ ಬೇಕೆಂದು ಇಡೀ ವಿಶ್ವಕೋಶವನ್ನು ಒಂದು ಕೇಂದ್ರದಿಂದ ಇನ್ನೊಂದಕ್ಕೆ ದಾಟಿಸುವುದು. 2016ರ ಏಪ್ರಿಲ್‌ನಲ್ಲಿ ಮೊದಲ ಬಾರಿಗೆ ಆಶ್‌ಬರ್ನಿನಿಂದ ಕ್ಯಾರೋಲ್ಟನ್ನಿಗೆ ಹೀಗೆ ದಾಟಿಸಿದಾಗ ಮುಕ್ಕಾಲು ಗಂಟೆಯಷ್ಟು ಹೊತ್ತು ಯಾರೂ ಲೇಖನಗಳನ್ನು ತಿದ್ದುವಂತಿರಲಿಲ್ಲ, ಓದಲು ಮಾತ್ರ ಅವಕಾಶವಿತ್ತು. ಕೈಯಿಂದ ಮಾಡುತ್ತಿದ್ದ ಹೆಜ್ಜೆಗಳನ್ನು ಒಂದೊಂದಾಗಿ ತಂತ್ರಾಂಶಕ್ಕೆ ಒಪ್ಪಿಸುತ್ತ ಬಂದಂತೆ, 2020ರ ಹೊತ್ತಿಗೆ ಆ ಅವಧಿ ಮೂರು ನಿಮಿಷಕ್ಕಿಂತ ಕಡಿಮೆಯಾಯಿತು. ಈಗ ಈ ದಾಟುವಿಕೆ ವರ್ಷಕ್ಕೆ ಎರಡು ಬಾರಿ, ಹಗಲಿರುಳು ಸಮನಾಗುವ ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ, ತಪ್ಪದೆ ನಡೆಯುತ್ತದೆ. ಮೀಸಲು ಎಂದು ಕರೆಯಬಹುದಾದ ಕೇಂದ್ರವೇ ಈಗ ಇಲ್ಲ. ಎರಡೂ ಆರಾರು ತಿಂಗಳ ಸರದಿಯಲ್ಲಿ ಮುಖ್ಯ ಕೇಂದ್ರವಾಗಿ ದುಡಿಯುತ್ತವೆ.

ಇಷ್ಟೆಲ್ಲ ಏರ್ಪಾಡುಗಳು ಮನುಷ್ಯರ ಓದಿನ ರೀತಿಯನ್ನು ನಂಬಿ ಕಟ್ಟಿದವು. ಒಂದು ಗಳಿಗೆಯಲ್ಲಿ ಬಹಳ ಜನ ಕೆಲವೇ ಪುಟಗಳನ್ನು ಓದುತ್ತಾರೆ, ಆದ್ದರಿಂದ ಕ್ಯಾಶ್ ಫಲ ಕೊಡುತ್ತದೆ. ಕೃತಕ ಬುದ್ಧಿಮತ್ತೆಯ ತರಬೇತಿಗಾಗಿ ಜಾಲವನ್ನು ಬಾಚುವ ತಂತ್ರಾಂಶಗಳು, ಅಂದರೆ ಬಾಟ್‌ಗಳು, ಹಾಗೆ ಓದುವುದಿಲ್ಲ. ಅವು ಜನಪ್ರಿಯ ಪುಟವನ್ನೂ ವರ್ಷಕ್ಕೊಮ್ಮೆ ಯಾರೋ ತೆರೆಯುವ ಪುಟವನ್ನೂ ಒಂದೇ ಸಮನೆ ಎಳೆದುಕೊಳ್ಳುತ್ತವೆ, ಕ್ಯಾಶ್‌ನಲ್ಲಿ ಇಲ್ಲದ ಅಂಥ ಪುಟಗಳಿಗಾಗಿ ಕೋರಿಕೆ ಪ್ರತಿ ಬಾರಿಯೂ ಮುಖ್ಯ ಕೇಂದ್ರದವರೆಗೆ ಹೋಗಬೇಕಾಗುತ್ತದೆ. 2025ರ ಏಪ್ರಿಲ್‌ನಲ್ಲಿ ವಿಕಿಮೀಡಿಯ ಪ್ರತಿಷ್ಠಾನ ಪ್ರಕಟಿಸಿದ ವಿವರದಂತೆ, ಪುಟವೀಕ್ಷಣೆಗಳಲ್ಲಿ ಬಾಟ್‌ಗಳ ಪಾಲು ಸುಮಾರು ಶೇಕಡ 35 ಇದ್ದರೂ, ನಿಭಾಯಿಸಲು ಅತಿ ದುಬಾರಿಯಾದ ಸಂಚಾರದಲ್ಲಿ ಅವುಗಳ ಪಾಲು ಶೇಕಡ 65. ಚಿತ್ರ ಮತ್ತು ವಿಡಿಯೊಗಳ ಡೌನ್‌ಲೋಡಿಗೆ ಬಳಕೆಯಾಗುವ ಬ್ಯಾಂಡ್‌ವಿಡ್ತ್ 2024ರ ಜನವರಿಯಿಂದೀಚೆಗೆ ಶೇಕಡ 50ರಷ್ಟು ಏರಿತ್ತು. 2024ರ ಡಿಸೆಂಬರಿನಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ತೀರಿಕೊಂಡಾಗ, ಅವರ ಪುಟವನ್ನು ಒಂದು ದಿನದಲ್ಲಿ 28 ಲಕ್ಷಕ್ಕೂ ಹೆಚ್ಚು ಬಾರಿ ನೋಡಿದ್ದನ್ನು ತಾಣ ತಾಳಿಕೊಂಡಿತು. ಆದರೆ ಅವರು 1980ರಲ್ಲಿ ಚುನಾವಣೆಯ ಎದುರಾಳಿ ರೇಗನ್ ಜೊತೆ ನಡೆಸಿದ್ದ ಚರ್ಚೆಯ ಒಂದೂವರೆ ಗಂಟೆಯ ವಿಡಿಯೊವನ್ನೂ ಜನ ನೋಡತೊಡಗಿದಾಗ ಕೆಲವು ಅಂತರಜಾಲ ಸಂಪರ್ಕಗಳು ತುಂಬಿಹೋಗಿ, ಕೆಲವು ಓದುಗರಿಗೆ ಪುಟಗಳು ತಡವಾದವು. ಇಂಥ ಹೊತ್ತಿಗೆಂದೇ ಇಟ್ಟುಕೊಂಡ ಬಿಡುವನ್ನು ಬಾಟ್‌ಗಳು ಅಷ್ಟರಲ್ಲಾಗಲೇ ತಿಂದುಹಾಕಿದ್ದವು ಎಂಬುದನ್ನು ಎಂಜಿನಿಯರುಗಳು ಪರಿಶೀಲನೆಯ ನಂತರ ಕಂಡುಕೊಂಡರು. ಕನ್ನಡದಂಥ ಭಾಷೆಗಳ ವಿಕಿಪೀಡಿಯಗಳಲ್ಲಿ ಅಪರೂಪಕ್ಕೆ ಓದಲ್ಪಡುವ ಪುಟಗಳೇ ಬಹುಪಾಲು ಇರುವುದರಿಂದ, ಬಾಟ್‌ಗಳು ಅವನ್ನು ಸಾಲಾಗಿ ಎಳೆದುಕೊಳ್ಳುವಾಗ ಕ್ಯಾಶ್‌ನಿಂದ ಸಿಗುವ ನೆರವು ಅಷ್ಟಕ್ಕಷ್ಟೇ; ಒಂದು ಮೂಲದಿಂದ ಇಷ್ಟು ಸಮಯದಲ್ಲಿ ಇಷ್ಟೇ ಕೋರಿಕೆಗಳು ಎಂಬ ಮಿತಿಯನ್ನು ಹೇರುವ ಕೆಲಸವನ್ನು ಪ್ರತಿಷ್ಠಾನದ ಎಂಜಿನಿಯರುಗಳು ಈಗ ಮುಂದುವರಿಸುತ್ತಿದ್ದಾರೆ.